ಲವಂಗದ ವಾಸನೆಯ ಪೈಕಾನ್

ಇಸ್ಫಹಾನ್
ಆಬಾನ್ ೧೮, ೧೩೮೪
ಬುಧವಾರ, ಊಟವಾದ ಮೇಲೆ

ನನ್ನ ಕಣ್ಣಿನ ಬೆಳಕಾದ ಸಿಯಾಮಕ್‌ಗೆ ಅಮ್ಮನ ಮುತ್ತುಗಳು.

ಹೇಗಿದ್ದೀ ಮಗನೇ? ಅಸಲೂಯೆಯ ಬಿಸಿಲು ಈಗಲಾದರೂ ಇಳಿಯಿತೇ? ಮೂತ್ರಪಿಂಡದ ಕಲ್ಲು ಮತ್ತೆ ಕಾಟ ಕೊಟ್ಟಿತೇ? ದಿನಕ್ಕೆ ಎರಡು ಹೂಜಿ ನೀರು ಕುಡಿಯುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳುತ್ತೀ. ನಾನು ನಂಬುವುದಿಲ್ಲ. ಚಿಕ್ಕವನಿದ್ದಾಗ ಹಾಲನ್ನು ಹೂಕುಂಡಕ್ಕೆ ಸುರಿದು ಖಾಲಿ ಲೋಟ ತಂದು ತೋರಿಸುತ್ತಿದ್ದವನು ನೀನು. ಆ ಗಿಡ ಸತ್ತಾಗಲೇ ನನಗೆ ಗೊತ್ತಾಗಿದ್ದು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಹೆಂಡತಿ ಫರಂಗೀಸ್ ಆಸ್ಪತ್ರೆಯ ಬೆಳಗಿನ ಪಾಳಿ ಮುಗಿಸಿ ಬಂದು ನಿದ್ದೆ ಮಾಡುತ್ತಿದ್ದಾಳೆ, ಸ್ವಲ್ಪ ಇಳಿದಿದ್ದಾಳೆ, ನೀನು ಬಂದರೆ ಸರಿಹೋಗುತ್ತಾಳೆ. ನಿನ್ನ ಮಗಳು ಗೊಲ್ನಾರ್‌ಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ನಾನು ಕೈ ಸರಿಸುತ್ತೇನೆ.

ಫೋನು ಇರುವಾಗ ಈ ಮುದುಕಿಗೆ ಕಾಗದದ ಹುಚ್ಚೇಕೆ ಎಂದು ನೀನು ಕೇಳುತ್ತೀ. ನಿಮ್ಮಪ್ಪ ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ, ಅದಕ್ಕೆ. ನಾನು ಯಾರ ಹತ್ತಿರ ಮಾತಾಡಿದರೂ ಅವರ ಒಂದು ಕಿವಿ ಇತ್ತಲೇ ಇರುತ್ತದೆ. ಈಗ ಅವರು ಮಲಗಿದ್ದಾರೆ, ಗೊರಕೆ ಕೇಳಿಸುತ್ತಿದೆ. ಫರಂಗೀಸಳ ಚಿಕ್ಕಪ್ಪನ ಮಗ ಇವತ್ತಿನ ಬಸ್ಸಿಗೆ ನಿಮ್ಮ ಕ್ಯಾಂಪಿಗೆ ಹೊರಟಿದ್ದಾನಂತೆ, ಅವನ ಕೈಲಿ ಕೊಡುತ್ತೇನೆ. ಒಳ್ಳೆಯ ಹುಡುಗನೇ. ಆದರೂ ಲಕೋಟೆಗೆ ಅಂಟು ಹಚ್ಚಿ, ನಿಮ್ಮಪ್ಪ ಬಣ್ಣ ಬಳಿಯುವಾಗ ಅಂಚಿಗೆ ಅಂಟಿಸುವ ಹಳದಿ ಟೇಪನ್ನು ಮೇಲೆ ಹಾಕಿದ್ದೇನೆ. ಟೇಪು ಒಂದು ಕಡೆ ಎದ್ದಿದ್ದರೂ ನನಗೆ ತಿಳಿಸು.

ವಿಷಯಕ್ಕೆ ಬರುತ್ತೇನೆ. ನಮ್ಮ ಗಾಜಿನ ಬೀರುವಿನಲ್ಲಿ ಕಳ್ಳತನವಾಗಿದೆ. ಆಗಿದೆ ಎಂದುಕೊಂಡಿದ್ದೆ, ಎನ್ನಬೇಕು. ಆ ಬೀರುವನ್ನು ನಿನ್ನ ಮದುವೆಯ ಪಿಂಗಾಣಿ ಇಡಲೆಂದು ತಂದಿದ್ದು. ಪಿಂಗಾಣಿ ಮಂಚದ ಕೆಳಗೆ ಹೋಯಿತು, ಕಾರುಗಳು ಒಳಗೆ ಬಂದವು. ನಿಮ್ಮಪ್ಪನ ಹತ್ತಿರ ಕಾರು ಓಡಿಸಲು ಕಲಿತವರು ಮೊದಲನೆಯ ಸ್ವಂತ ಗಾಡಿ ಕೊಂಡ ದಿನ ಅದನ್ನು ತಂದು ಅವರಿಗೆ ತೋರಿಸುವುದು, ಅವರು ಸುತ್ತ ತಿರುಗಿ ಅಳತೆ ತೆಗೆದು ಅದನ್ನೇ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಕೊರೆದು ಮಾಡಿಡುವುದು, ಇದು ನೀನು ಹುಟ್ಟುವ ಮೊದಲಿನಿಂದ ನಡೆದ ಪದ್ಧತಿ. ರೊಟ್ಟಿ ಅಂಗಡಿಯ ರುಸ್ತಮನ ಕಿತ್ತಳೆ ಬಣ್ಣದ ಪೈಕಾನ್ ಕಾರು, ಎಡಬಾಗಿಲಿನ ತಗ್ಗಿನ ಸಮೇತ. ಸೂಲಗಿತ್ತಿ ಮಹ್‌ಲಕಾಳ ಹಸಿರು ಪೈಕಾನ್, ಕನ್ನಡಿಗೆ ನೇತುಹಾಕಿದ ನೀಲಿ ಮಣಿಯ ಸಮೇತ. ಬೇರೆಯವರು ವಿದೇಶದ ಕಿಟ್ ತರಿಸಿ ರೇಸ್ ಕಾರು ಜೋಡಿಸುತ್ತಾರೆ. ನಿಮ್ಮಪ್ಪನಿಗೆ ನಮ್ಮ ಬೀದಿಯಲ್ಲಿ ಓಡಿದ ಗಾಡಿಗಳೇ ಬೇಕು. ನಡುವಿನ ಹಲಗೆಯಲ್ಲಿ ಒಂದು ಜಾಗ ಖಾಲಿ ಇದೆ, ಅದು ನಿನ್ನದು. ನೀನು ಇಷ್ಟು ವರ್ಷವಾದರೂ ಒಂದು ಕಾರು ಕೊಳ್ಳಲಿಲ್ಲ. ಧೂಳು ಒರೆಸುವಾಗ ಅಲ್ಲಿ ಇನ್ನೊಂದನ್ನು ಸರಿಸಿದರೆ ಅವರಿಗೆ ಕೋಪ ಬರುತ್ತದೆ.

ಹಲ್ಲಿನ ಡಾಕ್ಟರ್ ಫರಾಮರ್ಜ್ ನಿನಗೆ ನೆನಪಿರಬೇಕು, ನಿನ್ನ ಹಾಲುಹಲ್ಲು ಕಿತ್ತವರು, ನೀನು ಅವರ ಬೆರಳು ಕಚ್ಚಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಅವರಿಗೂ ಈ ಹುಚ್ಚೇ ದಿಕ್ಕು. ಪ್ರತಿ ಶುಕ್ರವಾರ ಬರುತ್ತಾರೆ, ಇಬ್ಬರೂ ದೀಪ ಹತ್ತಿರ ಎಳೆದುಕೊಂಡು ಕೂರುತ್ತಾರೆ. ಹೋಗುವ ಮುಂಚೆ ಬೀರುವಿನ ಮುಂದೆ ಒಂದು ನಾಟಕ. ಡಾಕ್ಟರು ಒಂದು ಕಾರನ್ನು ಅಂಗೈ ಮೇಲೆ ಇಟ್ಟುಕೊಂಡು ಕೈಕೆಲಸ ಹೊಗಳುತ್ತಾರೆ. ನಿಮ್ಮಪ್ಪ, ಪೇಶ್‌ಕಶ್, ಅದು ನಿಮ್ಮದೇ, ತಗೊಂಡು ಹೋಗಿ ಎನ್ನುತ್ತಾರೆ. ಡಾಕ್ಟರು, ಅಯ್ಯೋ ಬೇಡ, ಯಜಮಾನನ ಹತ್ತಿರ ಇದ್ದರೇ ಅದಕ್ಕೆ ಶೋಭೆ ಎನ್ನುತ್ತಾರೆ. ಮತ್ತೆ ತಗೊಳ್ಳಿ, ಮತ್ತೆ ಬೇಡ. ಮೂರು ಸಲ ಆಗುತ್ತದೆ, ಕಾರು ಬೀರುವಿಗೆ ಹೋಗುತ್ತದೆ, ಡಾಕ್ಟರು ಟೋಪಿ ಹಾಕಿಕೊಳ್ಳುತ್ತಾರೆ. ಮೂರನೆಯ ಸಲ ಯಾರಾದರೂ, ಸರಿ ಕೊಡಿ, ಎಂದು ಕೈ ಚಾಚಿಬಿಟ್ಟರೆ ನಿಮ್ಮಪ್ಪನ ಮುಖ ಹೇಗಾಗಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಯಾರೂ ಚಾಚುವುದಿಲ್ಲ. ಈ ಊರಿನಲ್ಲಿ ಅಷ್ಟು ಮರ್ಯಾದೆ ಎಲ್ಲರಿಗೂ ಇದೆ.

ಈ ವಸಂತದಲ್ಲಿ ಪೈಕಾನ್ ತಯಾರಿಯೇ ನಿಂತುಹೋಯಿತು ಎಂಬ ಸುದ್ದಿ ಬಂದಾಗ ನಿಮ್ಮಪ್ಪ ಒಂದು ದಿನ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಹಟಕ್ಕೆ ಬಿದ್ದವರಂತೆ ಬೀರುವಿನ ಹಳೆಯ ಕಾರುಗಳನ್ನು ಒಂದೊಂದಾಗಿ ಬಿಚ್ಚಿ ಹೊಸ ಬಣ್ಣ ಬಳಿದು ಮತ್ತೆ ಜೋಡಿಸಲು ಶುರು ಮಾಡಿದರು. ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು, ಧೂಳು ಬರುತ್ತದೆ ಎಂದು ನೆಪ. ಬೇಸಿಗೆಯ ಕೊನೆಯಲ್ಲಿ ನಾನು ಬೀರು ಒರೆಸುವಾಗ ರುಸ್ತಮನ ಕಿತ್ತಳೆ ಪೈಕಾನ್ ಕೈಗೆ ಬಂತು. ನೋಡುತ್ತೇನೆ, ಮುಂದಿನ ಬಂಪರು ಕುಡಿದವನ ಮೀಸೆಯಂತೆ ಒಂದು ಕಡೆ ಜೋತುಬಿದ್ದಿದೆ. ನಂಬರ್ ಪ್ಲೇಟಿನ ಅಂಕಿಗಳು ಒಂದರ ಮೇಲೊಂದು ಹತ್ತಿವೆ. ಕಿಟಕಿಯ ಕಪ್ಪು ಗೆರೆ ಬಾಗಿಲ ಮೇಲೆ ಹರಿದಾಡಿದೆ. ಊರೆಲ್ಲ ಇಸ್ಫಂದಿಯಾರ್ ಮೇಷ್ಟ್ರು ಎನ್ನುವ ನಿಮ್ಮಪ್ಪನ ಕೆಲಸವೇ ಅಲ್ಲ ಇದು. ಒಂದೇ ಕೂದಲಿನ ಕುಂಚದಲ್ಲಿ ಅಂಕಿ ಬರೆಯುವ ಮನುಷ್ಯ ಅವರು. ಯಾರೋ ಅಸಲಿಯನ್ನು ಎತ್ತಿಕೊಂಡು ನಕಲಿ ಇಟ್ಟಿದ್ದಾರೆ ಎಂದು ನನ್ನ ಮನಸ್ಸು ಆಗಲೇ ಹೇಳಿತು. ನಿಮ್ಮಪ್ಪನಿಗೆ ಹೇಳಲಿಲ್ಲ. ಎದೆ ಒಡೆದುಕೊಂಡಾರು ಎಂಬ ಭಯ.

ಎರಡು ವಾರ ಬಿಟ್ಟು ಮತ್ತೆ ಒರೆಸುವಾಗ ಅದೇ ಕಿತ್ತಳೆ ಕಾರು ನೆಟ್ಟಗೆ ನಿಂತಿದೆ. ಬಂಪರು ಸರಿ, ಅಂಕಿ ಸರಿ, ಗೆರೆ ಸರಿ. ಬೀರು ತೆಗೆದಾಗ ಮಾತ್ರ ಒಂದು ವಾಸನೆ ಬಂತು. ಕಾರನ್ನು ಮೂಗಿಗೆ ಹಿಡಿದೆ. ಲವಂಗ. ನಿಮ್ಮಪ್ಪನ ಕೋಣೆಯಲ್ಲಿ ತಿನ್ನರ್ ವಾಸನೆ ಬರುತ್ತದೆ, ಅಂಟಿನ ವಾಸನೆ ಬರುತ್ತದೆ, ಲವಂಗ ಎಲ್ಲಿಂದ ಬಂತು? ಅಡುಗೆಮನೆಯ ಡಬ್ಬಿಯನ್ನೂ ನೋಡಿದೆ, ಮುಚ್ಚಳ ಭದ್ರವಾಗಿತ್ತು. ಅಷ್ಟರಲ್ಲಿ ಸಾಲಿನ ಇನ್ನೊಂದು ಕಾರು ಕೆಟ್ಟಿತು. ಅದು ಸರಿಯಾಗುವ ಹೊತ್ತಿಗೆ ಮತ್ತೊಂದು. ಸರಿಯಾಗಿ ಬಂದದ್ದಕ್ಕೆಲ್ಲ ಲವಂಗದ ವಾಸನೆ.

ನನ್ನ ಬುದ್ಧಿ ನಿನಗೆ ಗೊತ್ತು, ಅನುಮಾನ ಹುಟ್ಟಿದರೆ ಅದಕ್ಕೆ ತೊಟ್ಟಿಲು ಕಟ್ಟುವವಳು ನಾನು. ಮೊದಲು ಮೇಲಿನ ಮನೆಯ ಬಾಡಿಗೆಯವನ ಮೇಲೆ ಕಣ್ಣಿಟ್ಟೆ, ಆತ ಯಾವಾಗಲೂ ಬರಿಗಾಲಲ್ಲಿ ಮೆಟ್ಟಿಲಿಳಿಯುತ್ತಾನೆ. ಒಂದು ದಿನ ನಿನ್ನ ಹೆಂಡತಿಯ ಮೇಲೂ ಅನುಮಾನ ಪಟ್ಟೆ, ಅವಳಿಗೆ ಹೇಳಬೇಡ. ಕೊನೆಗೆ ಲವಂಗ ಎಲ್ಲಿ ಮೂಸಿದ್ದೆ ಎಂದು ನೆನಪಾಯಿತು. ನನ್ನ ದವಡೆಹಲ್ಲಿಗೆ ಸಿಮೆಂಟು ತುಂಬಿಸಿಕೊಂಡ ದಿನ, ಡಾಕ್ಟರ್ ಫರಾಮರ್ಜರ ಕುರ್ಚಿಯಲ್ಲಿ. ನೋಡಿದೆಯಾ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ ಎಂದುಕೊಂಡೆ. ಮೂರು ಸಲ ಬೇಡ ಬೇಡ ಎಂದು ನಾಟಕವಾಡಿ, ಹಿಂದಿನಿಂದ ಅಸಲಿ ಕಾರು ಒಯ್ದು ಅಚ್ಚು ತೆಗೆದು, ಟೆಹ್ರಾನಿನಲ್ಲಿ ಯಾರಿಗೋ ಮಾರುತ್ತಿರಬೇಕು. ಅಚ್ಚು ತೆಗೆಯುವ ತನಕ ಬೀರುವಿನಲ್ಲಿ ಒಂದು ಕೊಳಕು ನಕಲಿ. ಕೆಲಸ ಮುಗಿದ ಮೇಲೆ ಅಸಲಿ ವಾಪಸು. ನನಗೆ ಎಲ್ಲವೂ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿತ್ತು.

ಹಿಡಿಯಲು ಒಂದು ಉಪಾಯ ಮಾಡಿದೆ. ಇನ್ನೂ ಕೆಡದೆ ಉಳಿದಿದ್ದ ಕಾರುಗಳನ್ನು ಒಂದೊಂದಾಗಿ ಮಗುಚಿ, ಬಣ್ಣ ಬಳಿಯದ ಹೊಟ್ಟೆಯ ಮೇಲೆ ಗೋರಂಟಿಯ ಒಂದೊಂದು ಬೊಟ್ಟು ಇಟ್ಟೆ. ಅಸಲಿಗೆ ನನ್ನ ಗುರುತು, ನಕಲಿಗೆ ಇಲ್ಲ. ಕಳೆದ ವಾರ ಸೂಲಗಿತ್ತಿಯ ಹಸಿರು ಪೈಕಾನ್ ನಿಮ್ಮಪ್ಪನ ಕೋಣೆಗೆ ಹೋಯಿತು. ಶುಕ್ರವಾರ ಅದು ಬೀರುವಿಗೆ ಬಂದಾಗ ನಾನು ಅಡುಗೆಮನೆಯಿಂದಲೇ ಕಂಡೆ, ಬಂಪರು ಜೋತುಬಿದ್ದಿತ್ತು. ಹೊಟ್ಟೆ ನೋಡೋಣವೆಂದರೆ ಡಾಕ್ಟರು ಆಗಲೇ ಬಂದು ಕೂತಿದ್ದರು. ನಿಮ್ಮಪ್ಪ ಚಹಾಕ್ಕೆ ಹೇಳಲು ಎದ್ದರು. ಡಾಕ್ಟರು ಬೀರು ತೆಗೆದರು, ಹಸಿರು ಕಾರನ್ನು ಕರವಸ್ತ್ರದಲ್ಲಿ ಸುತ್ತಿದರು, ಕೋಟಿನ ಒಳಜೇಬಿಗೆ ಇಳಿಸಿದರು. ನಾನು ಪರದೆಯ ಸಂದಿಯಿಂದ ಎಲ್ಲವನ್ನೂ ನೋಡಿದೆ. ದೇವರ ಮುಂದೆ ಸುಳ್ಳು ಹೇಳಬಾರದು, ನನಗೆ ಆ ಕ್ಷಣ ಖುಷಿಯಾಯಿತು. ನನ್ನ ಅನುಮಾನ ಸರಿಯಾಗಿತ್ತಲ್ಲ ಎಂಬ ಖುಷಿ. ಚಹಾದ ಜೊತೆ ಅವರಿಗೆ ಒಂದೂ ಪೂಲಕಿ ಮಿಠಾಯಿ ಇಡಲಿಲ್ಲ.

ಮರುದಿನ ಒಂದು ಬಟ್ಟಲು ಕೇಸರಿ ಪಾಯಸ ಹಿಡಿದುಕೊಂಡು ಡಾಕ್ಟರ ಮನೆಗೆ ಹೋದೆ. ಅವರು ಒಳಗೆ ಕರೆದದ್ದೇ ತಡ, ಬಟ್ಟಲು ಅವರ ಕೈಗಿಟ್ಟು ನೇರ ಕೆಲಸದ ಮೇಜಿನ ಹತ್ತಿರ ನಡೆದೆ. ಲವಂಗದ ವಾಸನೆಯ ಹಲ್ಲಿನ ಸಿಮೆಂಟಿನ ಬಟ್ಟಲು, ಹಲ್ಲು ಕೆರೆಯುವ ಸಣ್ಣ ಕೊಕ್ಕೆಗಳು, ನಡುವೆ ನಮ್ಮ ಹಸಿರು ಪೈಕಾನ್ ಕವುಚಿ ಮಲಗಿತ್ತು. ಅದರ ಹೊಟ್ಟೆಯ ಮೇಲೆ ನನ್ನ ಗೋರಂಟಿ ಬೊಟ್ಟು. ತಿರುಗಿಸಿ ನೋಡಿದೆ. ಜೋತುಬಿದ್ದ ಬಂಪರು, ಒಂದರ ಮೇಲೊಂದು ಹತ್ತಿದ ಅಂಕಿಗಳು. ಸ್ವಲ್ಪ ಹೊತ್ತು ನನಗೆ ತಲೆಗೇ ಹೋಗಲಿಲ್ಲ. ಗುರುತು ಅಸಲಿಯದು, ಕೆಲಸ ನಕಲಿಯದು. ಆಮೇಲೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ನಕಲಿ ಕಾರು ಎಂಬುದೇ ಇರಲಿಲ್ಲ ಮಗನೇ. ಅವೆಲ್ಲವೂ ನಿಮ್ಮಪ್ಪನ ಕೈಯಿಂದಲೇ ಬಂದವು.

"ಕದ್ದಿದ್ದು ನಿಜ ಅಖ್ತರ್ ಖಾನಂ," ಎಂದರು ಡಾಕ್ಟರು, ಪಾಯಸದ ಬಟ್ಟಲು ಇನ್ನೂ ಕೈಯಲ್ಲೇ ಇತ್ತು. "ರಿಪೇರಿ ಮಾಡಿ ವಾಪಸ್ ಇಡ್ತಾ ಇದ್ದೆ. ಅವರಿಗೂ ಗೊತ್ತಾಗ್ಬಾರ್ದು, ನಿಮಗೂ ಗೊತ್ತಾಗ್ಬಾರ್ದು ಅಂತ."

ಅವರು ಹೇಳಿದ್ದು ಇಷ್ಟು. ನಿಮ್ಮಪ್ಪನ ಕಣ್ಣಿನ ನಡುಭಾಗದ ನೋಟ ಹೋಗುತ್ತಿದೆ. ಸುತ್ತಲಿನದು ಕಾಣುತ್ತದೆ, ನೇರ ಎದುರಿಗೆ ಇರುವುದು ಉಜ್ಜಿ ಅಳಿಸಿದಂತೆ ಕಾಣುತ್ತದೆ. ನೆಟ್ಟಗಿನ ಗೆರೆ ಸೊಟ್ಟಗೆ ಕಾಣುತ್ತದೆ. ಆದ್ದರಿಂದ ಅವರು ಸೊಟ್ಟಗೆ ಕೂರಿಸಿದ ಬಂಪರು ಅವರಿಗೆ ನೆಟ್ಟಗೆ. ಡಾಕ್ಟರು ಇದನ್ನು ವಸಂತದಲ್ಲೇ ಗಮನಿಸಿ ಕಣ್ಣಿನವರ ಹತ್ತಿರ ಹೋಗೋಣ ಎಂದರಂತೆ. ನೀವು ಹಲ್ಲು ನೋಡ್ಕೊಳ್ಳಿ ಡಾಕ್ಟ್ರೇ, ನನ್ನ ಕಣ್ಣು ನಿಮ್ಮ ಹಲ್ಲಿಗಿಂತ ಗಟ್ಟಿಯಾಗಿದೆ ಎಂದರಂತೆ ನಿಮ್ಮಪ್ಪ. ಡಾಕ್ಟರ ಹಲ್ಲು ಕಟ್ಟಿಸಿಕೊಂಡದ್ದು, ಅವರು ಮಾತು ಮುಂದುವರಿಸಲಿಲ್ಲ. ಬಂದವರು ಬೀರು ನೋಡಿ ಮುಸಿಮುಸಿ ನಗಬಾರದು, ನಕ್ಕರೆ ಇಸ್ಫಂದಿಯಾರ್ ಉಳಿಯುವುದಿಲ್ಲ ಎಂದು ಈ ದಾರಿ ಹಿಡಿದರಂತೆ. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ನಾನು ಕಳ್ಳನೆಂದು ಇಷ್ಟು ದಿನ ಮನಸ್ಸಿನಲ್ಲೇ ಬೈದ ಮನುಷ್ಯ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವುದು ನನ್ನಂಥವಳಿಗೇ.

ಆದರೂ ನನಗೆ ಕೋಪ ಬಂತು. "ಬಂಪರ್ ನೆಟ್ಟಗೆ ಮಾಡಿದ್ರಿ ಡಾಕ್ಟ್ರೇ, ನಿಮ್ಮ ಕೈಗೆ ನೋವಾಗ್ದೇ ಇರ್ಲಿ," ಎಂದೆ. "ದಿನಾ ಬೆಳಿಗ್ಗೆ ಮೊಮ್ಮಗಳನ್ನ ಶಾಲೆಗೆ ಬಿಡೋಕೆ ನಮ್ಮ ದೊಡ್ಡ ಪೈಕಾನ್ ಓಡಿಸ್ತಾರಲ್ಲ ಅವರು, ಅದನ್ನ ಯಾರು ನೆಟ್ಟಗೆ ಮಾಡ್ತಾರೆ?" ಡಾಕ್ಟರು ಬಟ್ಟಲನ್ನು ಮೇಜಿನ ಮೇಲೆ ಇಟ್ಟರು. ಪಾಪ, ಅವರಿಗೆ ಸಣ್ಣ ಕಾರಿನ ಚಿಂತೆಯಲ್ಲಿ ದೊಡ್ಡದು ಹೊಳೆದೇ ಇರಲಿಲ್ಲ. ನನಗಾದರೂ ಆ ಮಾತು ಬಾಯಿಗೆ ಬಂದಾಗಲೇ ಹೊಳೆದದ್ದು.

ಭಾನುವಾರ ನಾನು ಒಂದು ಸುಳ್ಳು ಹೂಡಿದೆ. ನನ್ನ ಕಣ್ಣು ಉರಿಯುತ್ತದೆ, ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ನೀವೂ ಬನ್ನಿ, ಜೊತೆಗೆ ನಿಮ್ಮದನ್ನೂ ತೋರಿಸೋಣ ಎಂದೆ. "ನಡಿ, ಈಗಲೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ," ಎಂದು ಕೀಲಿ ಹುಡುಕತೊಡಗಿದರು. ಕೀಲಿ ಅವರ ಎದುರಿಗೇ, ಮೇಜಿನ ಮೇಲೆ ಇತ್ತು. ನನ್ನ ಉರಿ ಕಡಿಮೆಯಾಯಿತು ಎಂದು ಹೇಳಿ ತಪ್ಪಿಸಿಕೊಂಡೆ. ಸೋಮವಾರ ಡಾಕ್ಟರು ಬಂದು ನೇರವಾಗಿಯೇ ಮಾತೆತ್ತಿದರು. ನಿಮ್ಮಪ್ಪ ಎದ್ದು ಅವರ ಟೋಪಿ ತಂದು ಅವರ ಕೈಗೆ ಕೊಟ್ಟರು. ಚಹಾ ಇನ್ನೂ ಬಿಸಿಯಿತ್ತು. ಇಷ್ಟು ವರ್ಷದ ಸ್ನೇಹದಲ್ಲಿ ಡಾಕ್ಟರು ನಮ್ಮ ಮನೆಯಲ್ಲಿ ಚಹಾ ಕುಡಿಯದೆ ಹೋದದ್ದು ಇದೇ ಮೊದಲು. ಆಮೇಲೆ ನಿಮ್ಮಪ್ಪ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಕೆಲಸದ ಸದ್ದು ಬರಲಿಲ್ಲ.

ನಾನು ಬೈದಿದ್ದೇನೆ, ಅತ್ತಿದ್ದೇನೆ, ನನ್ನ ತಲೆಯಾಣೆ ಹಾಕಿದ್ದೇನೆ. ಅವರದು ಒಂದೇ ಉತ್ತರ. ಅರ್ಧ ಊರಿಗೆ ಕಾರು ಕಲಿಸಿದವನು ನಾನು, ನನಗೆ ರಸ್ತೆ ಕಾಣಲ್ಲ ಅಂತೀಯಾ? ಫರಂಗೀಸ್‌ಗೆ ಇನ್ನೂ ಹೇಳಿಲ್ಲ. ಅವಳು ದಾದಿ, ಹೇಳಿದ ಕ್ಷಣ ಕೀಲಿ ಕಿತ್ತುಕೊಳ್ಳುತ್ತಾಳೆ. ಸೊಸೆ ಕೀಲಿ ಕಿತ್ತುಕೊಂಡ ಮನೆಯಲ್ಲಿ ಆ ಮನುಷ್ಯ ಮತ್ತೆ ತಲೆ ಎತ್ತಿ ಕೂರುವುದಿಲ್ಲ. ಅವಳು ಕೇಳಿದರೆ ಸುಳ್ಳು ಹೇಳುವುದಿಲ್ಲ, ಕೇಳುವ ತನಕ ಬಾಯಿ ಬಿಡುವುದಿಲ್ಲ.

ಗೊರಕೆ ನಿಂತಿತು, ಮುಗಿಸುತ್ತೇನೆ. ನೀರು ಕುಡಿ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟು. ನಿನ್ನ ಕೋಣೆಯ ಜೊತೆಗಾರರಿಗೆ ನನ್ನ ಸಲಾಮು ಹೇಳು, ಅವರಿಗೂ ಸೇರಿಸಿ ಒಂದು ಡಬ್ಬಿ ಗಜ್ ಮಿಠಾಯಿ ಕಳಿಸಿದ್ದೇನೆ, ಎಣಿಸಿಯೇ ಹಾಕಿದ್ದೇನೆ, ಎಷ್ಟು ತಲುಪಿತು ಬರೆ. ನಿನ್ನ ಮೇಲೆ ಯಾರ ಕೆಟ್ಟ ಕಣ್ಣೂ ಬೀಳದಿರಲಿ, ಹೋದ ಕಾಲಲ್ಲೇ ಕ್ಷೇಮವಾಗಿ ಮನೆಗೆ ಬಾ.

ನಿನ್ನನ್ನು ಕಾಯುತ್ತಿರುವ
ಅಮ್ಮ, ಅಖ್ತರ್

ಮರೆತಿದ್ದೆ: ಅವರು ಮಗ್ಗುಲು ಬದಲಿಸಿ ಮತ್ತೆ ಮಲಗಿದರು, ಬೇಗ ಬರೆಯುತ್ತೇನೆ. ನಮ್ಮ ಪೈಕಾನ್ ಅಂದರೆ ಡ್ರೈವಿಂಗ್ ಕಲಿಸುವ ಮೇಷ್ಟ್ರ ಗಾಡಿ, ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇದೆಯಲ್ಲ, ನೀನು ಕಲಿಯುವಾಗ ನಿಮ್ಮಪ್ಪ ಕಾಲಿಟ್ಟು ಕೂರುತ್ತಿದ್ದರಲ್ಲ. ಭಾನುವಾರದಿಂದ ಆ ಸೀಟಿನಲ್ಲಿ ನಾನು ಕೂರುತ್ತಿದ್ದೇನೆ, ಶಾಲೆಯ ಹತ್ತಿರದ ಅಂಗಡಿಯ ಸಂಗಕ್ ರೊಟ್ಟಿಯೇ ಬೇಕು ಎಂದು ನೆಪ ಹೇಳಿ. ಜನ್ಮದಲ್ಲಿ ಕಾರು ಓಡಿಸದವಳು ಆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಹೋಗಿ ಬರುತ್ತೇನೆ. ಹಿಂದಿನ ಸೀಟಿನಿಂದ ಗೊಲ್ನಾರ್ ಕೆಂಪು, ಹಸಿರು ಎಂದು ಕೂಗುತ್ತಾಳೆ. ದೀಪ ಮೊದಲು ಕಂಡವರಿಗೆ ಪೂಲಕಿ, ಇದು ತಾತನ ಹತ್ತಿರ ಅವಳು ಬೇಸಿಗೆಯಿಂದ ಆಡುತ್ತಿರುವ ಆಟವಂತೆ, ಪ್ರತಿ ಸಲ ತಾನೇ ಗೆಲ್ಲುತ್ತಾಳಂತೆ. ಇಷ್ಟು ದಿನ ಇವರು ಮಗುವಿನ ಕಣ್ಣಿಂದಲೇ ದೀಪ ನೋಡಿ ಗಾಡಿ ಓಡಿಸಿದ್ದಾರೆ ಎಂದು ಆಗ ಅರ್ಥವಾಯಿತು. ಶಾಲೆಯ ವಾರ ಶುರುವಾಗುವ ಈ ಶನಿವಾರದಿಂದ ಮಗುವನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಬಸ್ಸೇ ಬೇಕು ಎಂದು ಹಟ ಮಾಡಲು ಅವಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ಅವರು ಒಬ್ಬರೇ ಹೊರಟರೆ ಬ್ರೇಕಿನ ಮೇಲೆ ಯಾರ ಕಾಲಿರುತ್ತದೆ? ರಸ್ತೆಯಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ.

ನಿನ್ನೆ ಒಬ್ಬ ಸೈಕಲ್ಲಿನವನು ಎದುರಿಗೆ ಬಂದ. ಇವರಿಗೆ ಕಾಣಲಿಲ್ಲ. ನಾನು ಒತ್ತಿದೆ, ಗಾಡಿ ನಿಂತಿತು. ಮೂವತ್ತು ವರ್ಷ ಆ ಬ್ರೇಕು ಒತ್ತಿದ ಮನುಷ್ಯನಿಗೆ ಅದನ್ನು ಯಾರು ಒತ್ತಿದರೆಂದು ಗೊತ್ತಾಗದೇ ಇರುತ್ತದೆಯೇ? ಅವರು ನನ್ನ ಕಡೆ ತಿರುಗಲಿಲ್ಲ, ಬೈಯಲಿಲ್ಲ, ಗೇರು ಹಾಕಿ ಮುಂದೆ ಹೊರಟರು. ಅವರಿಗೆ ಎಲ್ಲ ಗೊತ್ತಿದೆ ಸಿಯಾಮಕ್. ಕೀಲಿಯನ್ನು ಯಾರ ಕೈಗೆ ಇಡಬೇಕು ಎಂಬುದು ಗೊತ್ತಿಲ್ಲ, ಅಷ್ಟೇ.

ಬರುವ ವಾರ ರಜಕ್ಕೆ ಬಂದಾಗ ಕಣ್ಣಿನ ಮಾತು ಎತ್ತಬೇಡ. ಅಂಗಳದಲ್ಲಿ ಪೈಕಾನ್ ಸುತ್ತ ಒಂದು ಸುತ್ತು ಹೋಗು, ಅದನ್ನು ಹೊಗಳು, ಇಂಥ ಗಾಡಿ ಇನ್ನು ಸಿಗುವುದಿಲ್ಲ ಎನ್ನು. ಅವರು ಪೇಶ್‌ಕಶ್ ಎನ್ನುತ್ತಾರೆ. ಬೇಡ ಎನ್ನು. ಮತ್ತೆ ಅನ್ನುತ್ತಾರೆ, ಮತ್ತೆ ಬೇಡ ಎನ್ನು. ಮೂರನೆಯ ಸಲ ಅಂದಾಗ ಮರ್ಯಾದೆ ಬಿಟ್ಟು ಕೈ ಚಾಚು ಮಗನೇ, ಕೀಲಿ ತಗೋ. ಬೀರುವಿನ ಖಾಲಿ ಜಾಗಕ್ಕೆ ಆ ಗಾಡಿಯನ್ನು ಅವರು ಮಾಡಿಡಲಿ. ಅದನ್ನು ಮಾಡಲು ಅವರಿಗೆ ಕಣ್ಣು ಬೇಕಾಗುವುದಿಲ್ಲ. ಬಂಪರು ಸೊಟ್ಟಗಾದರೆ ಸೊಟ್ಟಗೇ ಇರುತ್ತದೆ, ಡಾಕ್ಟರಿಗೆ ಹೇಳಿಯಾಗಿದೆ.